‘ಇಟ್ ಟೇಕ್ಸ್ ಟೂ’ಗೆ ಹೊಸ ಬೇಸ್ ಕೂರಿಸಿದ್ದು

ರಾಬ್ ಬೇಸ್ ಮತ್ತು ಡಿಜೆ ಈಝಿ ರಾಕ್ ಎಂಬ ಹಿಪ್-ಹಾಪ್ ಜೋಡಿಯ ‘ಇಟ್ ಟೇಕ್ಸ್ ಟೂ’ ಹಾಡು ಬಂದಿದ್ದು 1988ರಲ್ಲಿ. ಇವತ್ತಿಗೂ ಹಾಕಿದ ಕೂಡಲೇ ಕಾಲು ತಾಳ ಹಿಡಿಯುತ್ತೆ. ಆದರೆ ಈಗಿನ ಹಾಡುಗಳ ಪಕ್ಕ ಅದರ ತಳ, ಅಂದರೆ ಬೇಸ್ (ತಗ್ಗು ಸ್ವರ), ಸ್ವಲ್ಪ ತೆಳು. ಅದಕ್ಕೇ ಪಾರ್ಟಿಗಳಲ್ಲಿ ಹಾಡು ಹಾಕುವ ನನ್ನ ಡಿಜೆ ಸೆಟ್‌ಗೆ ಅಂತ ಒಂದು ಬೇಸ್ ರೀಮಿಕ್ಸ್ ಮಾಡಿಕೊಂಡೆ.

ಮೊದಲ ಸಲ ಉದ್ದನೆಯ 808 ಬೇಸ್ (ರೋಲ್ಯಾಂಡ್ 808 ಡ್ರಮ್ ಯಂತ್ರದ ಗುಂಯ್ಗುಡುವ ಸದ್ದು) ಅನ್ನು ಹಾಡಿನುದ್ದಕ್ಕೂ ಹಾಸಿಬಿಟ್ಟೆ. ಗೆಳೆಯನ ಮದುವೆಯ ರಾತ್ರಿ ಪಾರ್ಟಿಯಲ್ಲಿ ಹಾಕಿದಾಗ ಮೇಜಿನ ಮೇಲಿನ ಲೋಟಗಳು ಅದುರಿದವು. ಕುಣಿಯುತ್ತಿದ್ದವರು ಮಾತ್ರ ನಿಂತುಬಿಟ್ಟರು. ತುಂಬಾ ಬೇಜಾರಾಯ್ತು.

ಮನೆಗೆ ಬಂದು ಮೂಲ ಹಾಡನ್ನು ಮತ್ತೆ ಮತ್ತೆ ಕೇಳಿದೆ. ಕುಣಿಸುವುದು ಆ ‘ವೂ! ಯೇ!’ ಬ್ರೇಕ್, ಅಂದರೆ ಮತ್ತೆ ಮತ್ತೆ ಬರುವ ಡ್ರಮ್ ತುಣುಕು. 1972ರಲ್ಲಿ ಲಿನ್ ಕಾಲಿನ್ಸ್ ಹಾಡಿ, ಜೇಮ್ಸ್ ಬ್ರೌನ್ ನಿರ್ಮಿಸಿದ ‘ಥಿಂಕ್’ ಹಾಡಿನಿಂದ ಎತ್ತಿಕೊಂಡಿದ್ದು ಅದು. ಡ್ರಮ್, ತಂಬೂರಿನ್, ಕೂಗು, ನಡುನಡುವೆ ಚಿಕ್ಕ ಚಿಕ್ಕ ಖಾಲಿ ಜಾಗ. ಆ ಜಾಗವನ್ನೆಲ್ಲ ನನ್ನ ಬೇಸ್ ತುಂಬಿಬಿಟ್ಟಿತ್ತು.

ಹಾಡಿನ ವೇಗ ನಿಮಿಷಕ್ಕೆ ಸುಮಾರು 112 ಬೀಟ್. ಅಂದರೆ ಒಂದು ಬೀಟ್‌ಗೆ ಅರ್ಧ ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ. ಒಂದೊಂದು ಬೇಸ್ ಸ್ವರವನ್ನೂ 350 ಮಿಲಿಸೆಕೆಂಡ್‌ಗೆ ಕತ್ತರಿಸಿದೆ. ಮೂಲ ಹಾಡಿನಲ್ಲಿ 90 ಹರ್ಟ್ಸ್‌ಗಿಂತ ಕೆಳಗಿದ್ದದ್ದನ್ನು ಫಿಲ್ಟರ್ ಹಾಕಿ ತೆಗೆದೆ. ಹಾಡಿನ ಕಿಕ್ ಡ್ರಮ್ ಮತ್ತು ನನ್ನ ಬೇಸ್ ಒಂದೇ ಜಾಗದಲ್ಲಿ ಕೂತರೆ ಎರಡೂ ಮಂಕಾಗುತ್ತವೆ, ಅಲ್ವಾ?

ಜಾಸ್ತಿ ಹೊತ್ತು ಹಿಡಿದದ್ದು ಶ್ರುತಿ. ಸ್ಯಾಂಪಲ್‌ನ (ಬೇರೆ ಹಾಡಿನಿಂದ ಎತ್ತಿಕೊಂಡ ತುಣುಕಿನ) ವೇಗ ಬದಲಿಸಿದರೆ ಶ್ರುತಿಯೂ ಜರುಗುತ್ತದೆ. ಹಾಗಾಗಿ ಹಳೆಯ ಸ್ಯಾಂಪಲ್ ಹಾಡುಗಳು ಕೀಬೋರ್ಡಿನ ಎರಡು ಮನೆಗಳ ನಡುವೆ ಎಲ್ಲೋ ನಿಂತಿರಬಹುದು. ಟ್ಯೂನರ್ ನಂಬಿಕೊಂಡು ಕೂರದೆ, ಬೇಸ್ ಅನ್ನು ಎರಡು ಆಕ್ಟೇವ್ ಮೇಲೆತ್ತಿ ಕಿವಿಯಿಂದಲೇ ಸೇರಿಸಿದೆ. ತಂಬೂರಿಯ ತಂತಿ ಸೇರಿಸುವಾಗ ಕೇಳುವ ಆ ಅಲುಗಾಟ ನಿಂತಾಗ, ಮತ್ತೆ ಕೆಳಗಿಳಿಸಿದೆ. ಅಷ್ಟಕ್ಕೇ ಬೇಸ್ ಎಷ್ಟು ಗಟ್ಟಿಯಾಯಿತೆಂದರೆ ವಾಲ್ಯೂಮ್ ತಗ್ಗಿಸಬೇಕಾಯಿತು!

ಸಣ್ಣ ಕೋಣೆಯಲ್ಲಿ ಸಬ್ ಬೇಸ್ (ತೀರಾ ತಗ್ಗಿನ ಬೇಸ್) ಮೂಲೆಯಲ್ಲಿ ಉಬ್ಬುತ್ತದೆ, ನಡುವೆ ಮಾಯವಾಗುತ್ತದೆ. ಅದಕ್ಕೆ ಕಾರಿನಲ್ಲೂ ಕೇಳಿ ನೋಡಿದೆ. ಫೋನಿನ ಸ್ಪೀಕರ್‌ಗೆ 50 ಹರ್ಟ್ಸ್ ದಕ್ಕುವುದಿಲ್ಲ, ಹಾಗಾಗಿ ಬೇಸ್‌ಗೆ ಮೇಲಿನ ಸ್ವರಗಳನ್ನೂ ಹುಟ್ಟಿಸುವ ಸ್ಯಾಚುರೇಶನ್ ಸ್ವಲ್ಪ ಸೇರಿಸಿದೆ.

ಎರಡನೇ ವರ್ಸ್‌ನ (ಚರಣದ) ಮೊದಲ ಎಂಟು ಬಾರ್‌ಗೆ (ಒಂದು ಬಾರ್‌ಗೆ ನಾಲ್ಕು ಬೀಟ್) ಬೇಸ್ ಹಾಕಿಲ್ಲ. ಅಲ್ಲಿ ಬ್ರೇಕ್ ಮತ್ತು ರಾಬ್ ಬೇಸ್ ದನಿ ಮಾತ್ರ. ಹೋದ ಸಲ ಹಾಕಿದಾಗ ಆ ಎಂಟು ಬಾರ್‌ನಲ್ಲಿ ‘ವೂ! ಯೇ!’ ಅಂತ ಇಡೀ ಹಾಲ್ ಕೂಗಿತು. ಬೇಸ್ ವಾಪಸ್ ಬಂದಾಗ ಯಾರೂ ನಿಂತಿರಲಿಲ್ಲ.