ರಿಯಾಜ್ ಅಂತ ಹೆಸರಿಡುತ್ತೀರಾ? ಮೊದಲು ಅಕ್ಷರ ಗಟ್ಟಿ ಮಾಡಿಕೊಳ್ಳಿ

ನಮ್ಮ ತೀರ್ಥಹಳ್ಳಿ ಕಡೆ ತೋಟ ಅಂದರೆ ಅಡಿಕೆ ತೋಟ. ರಿಯಾಜ್ ಅಂದರೂ ತೋಟವೇ, ಅದೂ ಒಂದಲ್ಲ, ಹಲವು. ಅರಬ್ಬಿಯಲ್ಲಿ ‘ರೌದಾ’ ಅಂದರೆ ಹಸಿರು ತುಂಬಿದ ತೋಟ, ಅದರ ಬಹುವಚನ ‘ರಿಯಾದ್’. ಸೌದಿಯ ರಾಜಧಾನಿಯ ಹೆಸರೂ ಇದೇ ಪದ.

ಅಲ್ಲಿ ದ್, ಇಲ್ಲಿ ಜ್ ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. ಕೊನೆಯ ಅಕ್ಷರದ ಹೆಸರು ‘ದಾದ್’. ಅರಬ್ಬರ ಬಾಯಲ್ಲಿ ಅದು ಭಾರವಾದ ದ್, ಫಾರ್ಸಿ, ಉರ್ದು ದಾರಿಯಲ್ಲಿ ನಮ್ಮೂರಿಗೆ ಬರುವಷ್ಟರಲ್ಲಿ ಇಂಗ್ಲಿಷಿನ ಜೆಡ್ ಥರ ಆಯಿತು. ರಮದಾನ್ ನಮ್ಮಲ್ಲಿ ರಂಜಾನ್ ಆಯಿತಲ್ವಾ, ಹಾಗೇ. ಎರಡೂ ಸರಿ. ಸುಮ್ನೆ ಯಾರನ್ನೂ ತಿದ್ದಲು ಹೋಗಬೇಡಿ. ಹಾಡುಗಾರರ ರಿಯಾಜ್ ಅಂದರೆ ಅಭ್ಯಾಸ. ಮೂಲ ಧಾತು ಒಂದೇ, ಅರ್ಥ ಬೇರೆ.

ಕನ್ನಡದಲ್ಲಿ ರಿ ಹ್ರಸ್ವ, ಯಾ ದೀರ್ಘ, ಇಷ್ಟು ತಪ್ಪದಿದ್ದರೆ ಸಾಕು. ಕೆಲವರು ಝ್ ಬರೆಯುತ್ತಾರೆ. ಆದರೆ ಝ ನಮ್ಮ ಮಹಾಪ್ರಾಣ, ಜೆಡ್ ಅಲ್ಲ. ಕೆಳಗೆ ಚುಕ್ಕಿ ಇಟ್ಟು ಜ಼್ ಬರೆದರೆ ಉಚ್ಚಾರಕ್ಕೆ ಹತ್ತಿರ, ಆದರೆ ಎಲ್ಲ ಕಂಪ್ಯೂಟರಿನಲ್ಲೂ ಅದು ಸರಿಯಾಗಿ ಮೂಡುವುದಿಲ್ಲ. ದಾಖಲೆಗೆ ರಿಯಾಜ್ ಅಂತಲೇ ಬರೆಸಿ.

ನಿಜವಾದ ತಲೆನೋವು ಇಂಗ್ಲಿಷಿನಲ್ಲಿ. ನನ್ನ ಅಣ್ಣನ ಹೆಸರು ಇದೇ. ಮಾರ್ಕ್ಸ್ ಕಾರ್ಡಿನಲ್ಲಿ ‘ಆರ್ ಐ ಎ ಜೆಡ್’, ಆಧಾರಿನಲ್ಲಿ ನಡುವೆ ಒಂದು ‘ವೈ’. ಪಾಸ್‌ಪೋರ್ಟ್ ಮಾಡಿಸುವಾಗ ಆ ಒಂದು ವೈಗಾಗಿ, ಫೈಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಹೊಟ್ಟೆಗೆ ಅವಚಿಕೊಂಡು, ಜುಲೈ ಮಳೆಯಲ್ಲಿ ಮೂರು ಸಲ ಶಿವಮೊಗ್ಗಕ್ಕೆ ಓಡಾಡಿದ. ಅವನ ಮುಖ ನೋಡಿದರೆ ಹೊಟ್ಟೆ ಉರಿಯುತ್ತಿತ್ತು. ‘ಆರ್ ಇ’ಯಿಂದ ಶುರು ಮಾಡುವವರಿದ್ದಾರೆ, ಕೊನೆಗೆ ‘ಡಿ’ ಅಥವಾ ‘ಡಿ ಎಚ್’ ಹಾಕುವವರೂ ಇದ್ದಾರೆ, ಯಾವುದೂ ತಪ್ಪಲ್ಲ. ನನ್ನನ್ನು ಕೇಳಿದರೆ ‘ಆರ್ ಐ ವೈ ಎ ಜೆಡ್’ ಒಳ್ಳೆಯದು, ಕರೆದ ಹಾಗೇ ಓದಿಸಿಕೊಳ್ಳುತ್ತದೆ.

ಅವಸರ ಬೇಡ. ಜನನ ನೋಂದಣಿ 21 ದಿನದೊಳಗೆ ಆಗಬೇಕು, ಆದರೆ ಹೆಸರಿನ ಜಾಗ ಆಗ ಖಾಲಿ ಬಿಡಬಹುದು. 12 ತಿಂಗಳೊಳಗೆ ಸೇರಿಸಿದರೆ ಶುಲ್ಕ ಇಲ್ಲ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಸ್ಕೂಲು, ಪಾಸ್‌ಪೋರ್ಟ್ ಎಲ್ಲಕ್ಕೂ ಜನ್ಮ ದಿನಾಂಕದ ದಾಖಲೆ ಜನನ ಪ್ರಮಾಣಪತ್ರವೇ. ಅದಕ್ಕೇ ಮನೆಯಲ್ಲಿ ಕೂತು ಕನ್ನಡ, ಇಂಗ್ಲಿಷ್ ಎರಡನ್ನೂ ದೊಡ್ಡ ಅಕ್ಷರದಲ್ಲಿ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಬಾಯಲ್ಲಿ ಹೇಳಿ ಬರೆಸಬೇಡಿ. ಪ್ರಿಂಟ್ ಕೊಡುವ ಮುಂಚೆ ಸ್ಕ್ರೀನ್ ತೋರಿಸಿ ಅಂತ ಕೇಳಿ, ಚೀಟಿ ಪಕ್ಕ ಹಿಡಿದು ಒಂದೊಂದೇ ಅಕ್ಷರ ನೋಡಿ.