ಬಿರುಕೋ, ಬದುವೋ?

ಏಪ್ರಿಲ್ ಬಂದರೆ ನಮ್ಮ ಎರೆಹೊಲ ಬಾಯಿ ಬಿಡುತ್ತದೆ. ತೊಗರಿ ಕಟಾವಾಗಿ ತಿಂಗಳುಗಳೇ ಕಳೆದಿರುತ್ತವೆ, ಬಿರುಕಿನಲ್ಲಿ ಮುಂಗೈ ಸಲೀಸಾಗಿ ಇಳಿಯುತ್ತದೆ. ಕಲಬುರಗಿಯಲ್ಲಿ ಭೂವಿಜ್ಞಾನ ಪಾಠ ಮಾಡುವ ನಾನು ಒಂದು ರವಿವಾರ ಅಲ್ಲಿಯೇ ಬೇವಿನ ನೆರಳಿನಲ್ಲಿ ಕುಳಿತು, ಅಣ್ಣನಿಗೆ ಮೊಬೈಲಿನಲ್ಲಿ ಮಂಗಳ ಗ್ರಹದ ಚಿತ್ರವೊಂದನ್ನು ತೋರಿಸಿದೆ. 2016ರ ಡಿಸೆಂಬರಿನಲ್ಲಿ ಅಲ್ಲಿನ ಗೇಲ್ ಕುಳಿಯಲ್ಲಿ ನಾಸಾದ ಓಡಾಡುವ ಯಂತ್ರ ಕ್ಯೂರಿಯಾಸಿಟಿ ರೋವರ್ ತೆಗೆದದ್ದು. ‘ಓಲ್ಡ್ ಸೋಕರ್’ ಎಂದು ಹೆಸರಿಟ್ಟ ಹಾಸುಗಲ್ಲು, ಮೈತುಂಬ ಬಲೆಯಂಥ ಗೆರೆಗಳು. “300 ಕೋಟಿ ವರ್ಷಗಳಿಗೂ ಹಿಂದೆ ಕೆಸರು ಒಣಗಿ ಬಿಟ್ಟ ಬಿರುಕು, ನಮ್ಮ ಹೊಲದ ಹಾಗೆಯೇ” ಎಂದೆ.

ಅಣ್ಣ ಮೊಬೈಲನ್ನು ಅತ್ತಿತ್ತ ತಿರುಗಿಸಿ, “ಇದರಲ್ಲಿ ಕೈ ಹೋಗುತ್ತದೆಯೇನು?” ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಮತ್ತೆ ನೋಡಿ, “ಇದು ಬಿರುಕಲ್ಲ ತಮ್ಮಾ, ಬದು. ಮೇಲೆದ್ದಿದೆ” ಎಂದ.

ಎರಡು ವರ್ಷಗಳಿಂದ ರೋವರ್ ಚಿತ್ರಗಳನ್ನು ಇಳಿಸಿಕೊಳ್ಳುತ್ತಿದ್ದವನಿಗೆ ಮುಖ ಸಣ್ಣದಾಯಿತು. ಅವನು ಹೇಳಿದ್ದು ಸರಿಯಾಗಿತ್ತು. ಬಿರುಕುಗಳಲ್ಲಿ ಆಮೇಲೆ ತುಂಬಿದ ಮಣ್ಣು ಗಟ್ಟಿಯಾಗಿ, ಸುತ್ತಲಿನ ಮೆತ್ತನೆಯ ಪದರ ಸವೆದು, ಗೆರೆಗಳು ಏಣಿನಂತೆ ಉಳಿದಿದ್ದವು. ಬೆಳಕು ಮೇಲಿನಿಂದಲೇ ಬೀಳುತ್ತದೆ ಎಂದು ಕಣ್ಣು ನಂಬಿಕೊಂಡಿರುತ್ತದೆ. ಚಿತ್ರವನ್ನು ತಲೆಕೆಳಗು ಹಿಡಿದರೆ ತಗ್ಗು ದಿಬ್ಬವಾಗುತ್ತದೆ, ದಿಬ್ಬ ತಗ್ಗಾಗುತ್ತದೆ. ಈಗ ಯಾವ ಚಿತ್ರ ತೆರೆದರೂ ಮೊದಲು ಒಂದು ಹರಳುಕಲ್ಲನ್ನು ಹುಡುಕುತ್ತೇನೆ. ಹರಳು ಮೇಲೆದ್ದಿರುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಅದರ ಯಾವ ಮಗ್ಗುಲು ಕಪ್ಪೋ ಗೆರೆಯದ್ದೂ ಅದೇ ಮಗ್ಗುಲು ಕಪ್ಪಾಗಿದ್ದರೆ ಬದು, ಎದುರಿನದಾಗಿದ್ದರೆ ಬಿರುಕು.

ಕೈ ಹೋಗುವ ಪ್ರಶ್ನೆಗೆ ಲೆಕ್ಕ ಬೇಕಾಯಿತು. ರೋವರಿನ ಕಂಬದ ಮೇಲಿನ ಕ್ಯಾಮೆರಾ ಮಾಸ್ಟ್‌ಕ್ಯಾಮ್‌ಗೆ ಎರಡು ಕಣ್ಣು, ಒಂದರ ನಾಭಿದೂರ (ಇದು ಹೆಚ್ಚಿದಷ್ಟೂ ವಸ್ತು ದೊಡ್ಡದಾಗಿ ಕಾಣುತ್ತದೆ) 34 ಮಿ.ಮೀ., ಇನ್ನೊಂದರದು 100. ಎರಡು ಮೀಟರ್ ದೂರದ ಕಲ್ಲಿನ ಮೇಲೆ 100ರ ಕಣ್ಣಿನ ಒಂದು ಪಿಕ್ಸೆಲ್ ಎಂದರೆ 0.15 ಮಿ.ಮೀ. ಕಲ್ಲಿನ ದೂರವನ್ನು, ಸುಮಾರು 42 ಸೆಂ.ಮೀ. ಅಂತರದಲ್ಲಿ ಕುಳಿತ, ದಾರಿ ನೋಡುವ ನ್ಯಾವಿಗೇಷನ್ ಕ್ಯಾಮೆರಾಗಳ ಜೋಡಿ ಚಿತ್ರಗಳಿಂದ ತೆಗೆಯುತ್ತೇನೆ. ಮೊದಲ ಸಲ 100ರ ಚಿತ್ರಕ್ಕೆ 34ರ ಅಳತೆ ಹಾಕಿ ಎಲ್ಲವನ್ನೂ ಮೂರು ಪಟ್ಟು ಹಿಗ್ಗಿಸಿಬಿಟ್ಟೆ. ತಿದ್ದಿದ ಮೇಲೆ ಕೈಯ ಮಾತಿರಲಿ, ಕಿರುಬೆರಳು ಹೋಗುವುದೂ ಕಷ್ಟವಾಯಿತು.

ಬಣ್ಣದ ವಿಷಯದಲ್ಲಿ ಇದಕ್ಕಿಂತ ದೊಡ್ಡ ಪೆಟ್ಟು ತಿಂದಿದ್ದೇನೆ. ಮಂಗಳ ಕೆಂಪು, ಬೀದರ್ ಕೆಂಪು, ಎರಡೂ ಕಬ್ಬಿಣದ ತುಕ್ಕು, ಆದ್ದರಿಂದ ಬೀದರಿನ ಜಂಬಿಟ್ಟಿಗೆಯನ್ನು ಹೋಲಿಸಿದರೆ ಮುಗಿಯಿತು ಎಂದುಕೊಂಡು, ಅಲ್ಲಿನ ಕೋಟೆಗೋಡೆಯನ್ನು ಬಿಳಿ ಕಾಗದ ಪಕ್ಕಕ್ಕಿಟ್ಟು ಚಿತ್ರ ತೆಗೆದು ತಂದಿದ್ದೆ. ಜಂಬಿಟ್ಟಿಗೆಯನ್ನು ಎಲ್ಲಿ ಕಡಿದರೂ ಒಳಗೂ ಕೆಂಪೇ. ಮಳೆ ಸಿಲಿಕಾವನ್ನು ತೊಳೆದು ಕಬ್ಬಿಣವನ್ನು ಬಿಟ್ಟುಹೋದ ಕಲ್ಲು ಅದು. ಆದರೆ 2013ರ ಫೆಬ್ರುವರಿಯಲ್ಲಿ ಕ್ಯೂರಿಯಾಸಿಟಿ ಗೇಲ್ ಕುಳಿಯ ಕಲ್ಲನ್ನು ಮೊದಲ ಸಲ ಕೊರೆದಾಗ ಹೊರಬಂದ ಪುಡಿ ಬೂದು ಬಣ್ಣದ್ದು. ಕೆಂಪು ಬರೀ ಮೇಲಿನ ದೂಳಿನದಾಗಿತ್ತು. ಆ ಪುಡಿಯಲ್ಲಿ ಸುಮಾರು ಶೇ. 20ರಷ್ಟು ಸ್ಮೆಕ್ಟೈಟ್ ಜೇಡಿ ಸಿಕ್ಕಿತು. ನೀರು ಕುಡಿದು ಉಬ್ಬಿ, ಒಣಗಿದಾಗ ನಮ್ಮ ಎರೆಯನ್ನು ಸೀಳುವುದೂ ಅದೇ ಜಾತಿಯ ಜೇಡಿ. ನೆಂಟನನ್ನು ಬೀದರಿನಲ್ಲಿ ಹುಡುಕಲು ಬಸ್ಸಿಗೆ ದುಡ್ಡು ಕೊಟ್ಟದ್ದು ದಂಡವಾಯಿತು ಎಂದು ಅಣ್ಣ ಇಂದಿಗೂ ನಗುತ್ತಾನೆ.

ಈಗ ಹೊಲದ ಬಿರುಕುಗಳನ್ನೇ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಒಂದೇ ಎತ್ತರದಿಂದ ಮೊಬೈಲಿನಲ್ಲಿ ತೆಗೆದು ಕಣ್ಣು ಪಳಗಿಸಿಕೊಳ್ಳುತ್ತಿದ್ದೇನೆ. ರೋವರಿನ ತೋಳಿನ ಕ್ಯಾಮೆರಾದ ಅಳತೆಗೆಂದು 1909ರ ಅಮೆರಿಕದ ಒಂದು ಸೆಂಟ್ ನಾಣ್ಯವನ್ನು ಕೂರಿಸಿ ಕಳಿಸಿದ್ದಾರೆ. ನಾನು 27 ಮಿ.ಮೀ. ಅಗಲದ ಹತ್ತು ರೂಪಾಯಿ ನಾಣ್ಯ ಇಟ್ಟೆ. ಎರಡನೆಯ ದಿನ ಸಂಜೆ ಅದು ಜಾರಿ ಬಿರುಕಿನೊಳಕ್ಕೆ ಬಿತ್ತು. ಕಡ್ಡಿ ಹಾಕಿ ಕೆದಕಿದೆ, ಸಿಗಲಿಲ್ಲ. ಜೂನಿನ ಮಳೆಗೆ ಬಿರುಕು ಮುಚ್ಚಿಕೊಂಡಿತು.