ರೆಕಾರ್ಡಿಂಗ್ ಕಂಪ್ಯೂಟರಿಗೆ ಒಂದೇ ಒಂದು ಕೇಬಲ್

ರೆಕಾರ್ಡಿಂಗ್ ಮಾಡುವ ಕಂಪ್ಯೂಟರಿಗೆ ಇಂಟರ್‌ನೆಟ್ ಕೊಡಬೇಡಿ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಹಾಗಾದ್ರೆ ಫೈಲು ಹೊರಗೆ ತರೋದು ಹೇಗೆ ಸಾರ್, ಪೆನ್‌ಡ್ರೈವಲ್ಲಾ?" ಪೆನ್‌ಡ್ರೈವೂ ಬೇಡ. ಬೆಳಿಗ್ಗೆ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿಗೆ ಚುಚ್ಚಿದ ಡ್ರೈವನ್ನೇ ಸಂಜೆ ನಿಮ್ಮ ಸ್ಟುಡಿಯೋಗೆ ತರುತ್ತಾರೆ, ಅದರ ಜೊತೆ ಯಾವ ವೈರಸ್ ಬಂತು ಅಂತ ತಂದವರಿಗೂ ಗೊತ್ತಿರುವುದಿಲ್ಲ. ನೆಟ್‌ವರ್ಕೇ ಇರಲಿ. ಆದರೆ ಅದರಲ್ಲಿ ರೆಕಾರ್ಡಿಂಗ್ ಕಂಪ್ಯೂಟರ್ ಬೇರೆ ಯಂತ್ರದ ಬಳಿಗೆ ಹೋಗಬೇಕು, ಅದರ ಬಳಿಗೆ ಯಾರೂ ಬರಬಾರದು. ನಾವು ಅಂಗಡಿಗೆ ಹೋಗಿ ಸಾಮಾನು ತರುತ್ತೇವೆ. ಅಂಗಡಿಯವರಿಗೆ ಮನೆ ಬೀಗದ ಕೈ ಕೊಡುವುದಿಲ್ಲ. ನಾನು ಹೇಳಹೊರಟಿರುವುದು ಇಷ್ಟೇ, ಉಳಿದದ್ದೆಲ್ಲ ಅದನ್ನು ಮಾಡುವ ಬಗೆ.

ನನ್ನ ರೂಮು ಮೈಸೂರಿನ ಒಂಟಿಕೊಪ್ಪಲಿನಲ್ಲಿದೆ. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಆಕಾಶವಾಣಿ ಅಂತ ರೇಡಿಯೋ ನಡೆಸಿದ ಬಡಾವಣೆ ಇದು, ಆ ಹೆಮ್ಮೆ ನನಗಿದೆ. ಇಲ್ಲಿ ಹೆಚ್ಚಾಗಿ ರೆಕಾರ್ಡ್ ಆಗುವುದು ವೀಣೆ ಮತ್ತು ಹಾಡುಗಾರಿಕೆ. ಎಂಬತ್ತು ದಾಟಿದ ಮೇಷ್ಟ್ರು ಒಬ್ಬರು ಒಂದು ಮಧ್ಯಾಹ್ನ ಮನಸ್ಸು ಬಿಚ್ಚಿ ತೋಡಿ ರಾಗ ನುಡಿಸಿದರೆ, ಆ ತೋಡಿ ಮತ್ತೆ ಬರುವುದಿಲ್ಲ. "ಮೇಷ್ಟ್ರೇ, ಫೈಲು ಕೆಟ್ಟುಹೋಯ್ತು, ಇನ್ನೊಂದ್ಸಲ ನುಡಿಸಿಕೊಡಿ" ಅಂತ ಅವರ ಮುಂದೆ ನಿಂತು ಹೇಳುವ ಪರಿಸ್ಥಿತಿ ಯಾವ ಎಂಜಿನಿಯರಿಗೂ ಬರಬಾರದು. ಅದಕ್ಕೇ ಇಷ್ಟು ಬಿಗಿ.

ಮೊದಲು ಲೆಕ್ಕ. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಒಂದು ಮೋನೋ ಟ್ರ್ಯಾಕ್ ನಿಮಿಷಕ್ಕೆ ಸುಮಾರು 8.6 ಎಂಬಿ, ಗಂಟೆಗೆ 518 ಎಂಬಿ ತಿನ್ನುತ್ತದೆ. ವೀಣೆಗೆ ಎರಡು, ಮೃದಂಗದ ಎರಡು ಮುಖಕ್ಕೆ ಒಂದೊಂದು, ಘಟಕ್ಕೊಂದು, ತಂಬೂರಿಗೊಂದು, ರೂಮಿಗೆ ಎರಡು ಅಂದರೆ ಎಂಟು ಟ್ರ್ಯಾಕ್. ಒಂದು ಗಂಟೆಯ ಕಛೇರಿಗೆ 4 ಜಿಬಿ ಚಿಲ್ಲರೆ. ಗಿಗಾಬಿಟ್ ಕೇಬಲ್ಲಿನಲ್ಲಿ ಸೆಕೆಂಡಿಗೆ 110 ಎಂಬಿಯ ಆಸುಪಾಸು ಹೋಗುತ್ತದೆ, ಡಿಸ್ಕು ಚುರುಕಾಗಿದ್ದರೆ ಇಡೀ ಕಛೇರಿ ಒಂದು ನಿಮಿಷದೊಳಗೆ ದಾಟುತ್ತದೆ. ಹಳೆಯ 100 ಎಂಬಿಪಿಎಸ್ ಪೋರ್ಟಾದರೆ ಆರೇಳು ನಿಮಿಷ. ವೈಫೈ ಇಲ್ಲಿ ಲೆಕ್ಕಕ್ಕೇ ಬೇಡ. ರೆಕಾರ್ಡಿಂಗ್ ಕಂಪ್ಯೂಟರಿನಲ್ಲಿ ವೈಫೈ, ಬ್ಲೂಟೂತ್ ಎರಡನ್ನೂ ಬಯೋಸ್‌ನಲ್ಲೇ (ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಮೂಲ ಸೆಟ್ಟಿಂಗು) ಆಫ್ ಮಾಡಿ. ಸುರಕ್ಷತೆಗಷ್ಟೇ ಅಲ್ಲ, ವೈಫೈ ಡ್ರೈವರ್ ಎಷ್ಟೋ ಯಂತ್ರಗಳಲ್ಲಿ ಆಡಿಯೋದಲ್ಲಿ ಕ್ಲಿಕ್, ಪಾಪ್ ತರುತ್ತದೆ. ಲೇಟೆನ್ಸಿಮಾನ್ ಅನ್ನುವ ಪ್ರೋಗ್ರಾಂ ಓಡಿಸಿದರೆ ಯಾವ ಡ್ರೈವರ್ ತಡೆ ಹಾಕುತ್ತಿದೆ ಅಂತ ಕಾಣುತ್ತದೆ.

ಬೇಕಾಗುವುದು ಇನ್ನೊಂದು ಕಂಪ್ಯೂಟರ್, ಅಂದರೆ ಇಂಟರ್‌ನೆಟ್ ಇರುವ ಆಫೀಸ್ ಲ್ಯಾಪ್‌ಟಾಪ್, ಮತ್ತೆ ಒಂದು ಕ್ಯಾಟ್ 6 ಕೇಬಲ್. ರೌಟರ್ ಬೇಡ, ಸ್ವಿಚ್ಚೂ ಬೇಡ, ಎರಡು ಯಂತ್ರಕ್ಕೂ ನೇರ ಚುಚ್ಚಿ. ಗಿಗಾಬಿಟ್ ಪೋರ್ಟುಗಳು ತಾವೇ ಹೊಂದಿಸಿಕೊಳ್ಳುತ್ತವೆ, ಕ್ರಾಸ್‌ಓವರ್ ಕೇಬಲ್ ಹುಡುಕುವ ಕಾಲ ಹೋಯಿತು. ಆದರೆ ಕೇಬಲ್ ಕೊಳ್ಳುವಾಗ ಒಂದು ಮಾತು ನೆನಪಿಡಿ: ಲೋಹದ ಹೊದಿಕೆಯಿರುವ ಎಸ್‌ಟಿಪಿ ಬೇಡ, ಸಾದಾ ಯುಟಿಪಿ ಕೇಳಿ. ಯುಟಿಪಿಯಲ್ಲಿ ಸಿಗ್ನಲ್ಲು ಎರಡೂ ತುದಿಯ ಪುಟ್ಟ ಟ್ರಾನ್ಸ್‌ಫಾರ್ಮರುಗಳ ಮೂಲಕ ದಾಟುತ್ತದೆ, ಎರಡು ಯಂತ್ರಗಳ ಅರ್ಥ್ ಒಂದಕ್ಕೊಂದು ತಾಗುವುದಿಲ್ಲ. ಎಸ್‌ಟಿಪಿಯ ಲೋಹದ ತಲೆ ಎರಡು ಕ್ಯಾಬಿನೆಟ್ಟುಗಳನ್ನು ಸೇರಿಸಿಬಿಟ್ಟರೆ ಗ್ರೌಂಡ್ ಲೂಪ್, ಅಂದರೆ ಅರ್ಥ್ ತಂತಿಗಳದ್ದೇ ಒಂದು ಸುತ್ತು ಆಗಿ, ವೀಣೆಯ ಮಂದ್ರದ ಕೆಳಗೆ 50 ಹರ್ಟ್ಸ್‌ನ ಗುಂಯ್ ಕೂತುಬಿಡಬಹುದು. ಆಮೇಲೆ ಮೈಕು, ಪ್ರೀಆಂಪು ಎಲ್ಲ ಬದಲಾಯಿಸಿ ನೋಡುತ್ತೀರಿ, ಕೇಬಲ್ ಮೇಲೆ ಅನುಮಾನವೇ ಬರುವುದಿಲ್ಲ.

ಈಗ ವಿಳಾಸ. ಎರಡೂ ಕಡೆ ಎತರ್‌ನೆಟ್ ಅಡಾಪ್ಟರಿನ ಪ್ರಾಪರ್ಟೀಸ್ ತೆಗೆದು ಐಪಿ ವರ್ಷನ್ 4ರಲ್ಲಿ ಕೈಯಾರೆ ಬರೆಯಿರಿ: ಲ್ಯಾಪ್‌ಟಾಪಿಗೆ 192.168.50.1, ರೆಕಾರ್ಡಿಂಗ್ ಕಂಪ್ಯೂಟರಿಗೆ 192.168.50.2, ಎರಡಕ್ಕೂ ಸಬ್‌ನೆಟ್ ಮಾಸ್ಕ್ 255.255.255.0. ಗೇಟ್‌ವೇ ಮತ್ತು ಡಿಎನ್‌ಎಸ್ ಖಾಲಿ ಬಿಡಿ. ಗೇಟ್‌ವೇ ಇಲ್ಲದ ಯಂತ್ರಕ್ಕೆ ಈ ಕೇಬಲ್ಲಿನಾಚೆಗೆ ದಾರಿಯೇ ಗೊತ್ತಿರುವುದಿಲ್ಲ, ನಮಗೆ ಬೇಕಾದದ್ದೂ ಅದೇ. ಮನೆಯ ವೈಫೈ 192.168.1ರಲ್ಲೋ 192.168.0ರಲ್ಲೋ ಇರುವುದು ಹೆಚ್ಚು, ಅದಕ್ಕೇ ಮೂರನೇ ಅಂಕಿ 50 ಇಟ್ಟಿದ್ದು. ಲ್ಯಾಪ್‌ಟಾಪಿನಲ್ಲಿ ಇಂಟರ್‌ನೆಟ್ ಕನೆಕ್ಷನ್ ಶೇರಿಂಗ್ ಅಥವಾ ನೆಟ್‌ವರ್ಕ್ ಬ್ರಿಡ್ಜ್ ಆನ್ ಆಗಿದ್ದರೆ ತೆಗೆಯಿರಿ, ಇಲ್ಲದಿದ್ದರೆ ಮಾಡಿದ್ದೆಲ್ಲ ವ್ಯರ್ಥ.

ಯಾವ ಕಡೆ ಫೋಲ್ಡರ್ ಶೇರ್ ಮಾಡಬೇಕು ಅನ್ನುವಲ್ಲಿ ಹೆಚ್ಚಿನವರು ಉಲ್ಟಾ ಮಾಡುತ್ತಾರೆ. ಫೈಲು ಇರುವುದು ರೆಕಾರ್ಡಿಂಗ್ ಕಂಪ್ಯೂಟರಿನಲ್ಲಿ, ಆದ್ದರಿಂದ ಅಲ್ಲೇ ಶೇರ್ ಮಾಡೋಣ ಅಂತ. ಹಾಗೆ ಮಾಡಬೇಡಿ. 2017ರ ಮೇ ತಿಂಗಳಲ್ಲಿ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನ್ನಾಕ್ರೈ ವೈರಸ್ ಒಂದು ಯಂತ್ರದಿಂದ ಪಕ್ಕದ ಯಂತ್ರಕ್ಕೆ ದಾಟಿದ್ದು ಈ ಫೈಲ್ ಶೇರಿಂಗ್ ಬಾಗಿಲಿನಿಂದಲೇ, ವಿಂಡೋಸ್ ಫೈಲು ಹಂಚಿಕೊಳ್ಳುವ ಪದ್ಧತಿಯಾದ ಎಸ್‌ಎಂಬಿಯ ಮೊದಲ ಆವೃತ್ತಿಯಲ್ಲಿದ್ದ ದೋಷ ಹಿಡಿದುಕೊಂಡು. ಮೈಕ್ರೋಸಾಫ್ಟ್ ಆ ವರ್ಷ ಮಾರ್ಚಿನಲ್ಲೇ ಪ್ಯಾಚ್ ಕೊಟ್ಟಿತ್ತು. ಹಾಕಿಕೊಳ್ಳದ ಯಂತ್ರಗಳು ಸಿಕ್ಕಿಬಿದ್ದವು. ನಮ್ಮ ರೆಕಾರ್ಡಿಂಗ್ ಕಂಪ್ಯೂಟರುಗಳು ಬಹುಪಾಲು ಪ್ಯಾಚ್ ಹಾಕದ ಯಂತ್ರಗಳೇ. ಮೈಕುಗಳನ್ನು ಕಂಪ್ಯೂಟರಿಗೆ ಜೋಡಿಸುವ ಹಳೆಯ ಫೈರ್‌ವೈರ್ ಇಂಟರ್‌ಫೇಸಿಗೆ ಹೊಸ ಡ್ರೈವರ್ ಇಲ್ಲ ಅಂತ ವಿಂಡೋಸ್ 7ರಲ್ಲೇ ಉಳಿದವರಿದ್ದಾರೆ. ವಿಂಡೋಸ್ 10ರ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಥ ಯಂತ್ರಕ್ಕೆ ಒಳಬರುವ ಬಾಗಿಲೇ ಇರಬಾರದು.

ಆದ್ದರಿಂದ ರೆಕಾರ್ಡಿಂಗ್ ಕಂಪ್ಯೂಟರಿನ ಅಡಾಪ್ಟರ್ ಪ್ರಾಪರ್ಟೀಸ್‌ನಲ್ಲಿ 'ಫೈಲ್ ಅಂಡ್ ಪ್ರಿಂಟರ್ ಶೇರಿಂಗ್' ಮುಂದಿನ ಟಿಕ್ ತೆಗೆದುಬಿಡಿ, 'ಕ್ಲೈಂಟ್ ಫಾರ್ ಮೈಕ್ರೋಸಾಫ್ಟ್ ನೆಟ್‌ವರ್ಕ್ಸ್' ಟಿಕ್ ಇರಲಿ. ನೆಟ್‌ವರ್ಕ್ ಪ್ರೊಫೈಲ್ ಪಬ್ಲಿಕ್ ಆಗಿರಲಿ, ಫೈರ್‌ವಾಲ್ ಆನ್ ಇರಲಿ. ಹೊರಗೆ ಹೋಗುವುದಕ್ಕೆ ಇದ್ಯಾವುದೂ ಅಡ್ಡ ಬರುವುದಿಲ್ಲ.

ಶೇರ್ ಮಾಡುವುದು ಲ್ಯಾಪ್‌ಟಾಪಿನಲ್ಲಿ. ಅಲ್ಲಿ ಈ ಕೆಲಸಕ್ಕೆಂದೇ ಒಂದು ಲೋಕಲ್ ಯೂಸರ್ ಮಾಡಿ, ಗಟ್ಟಿ ಪಾಸ್‌ವರ್ಡ್ ಕೊಡಿ. ಪಿನ್ ಸಾಲದು, ನೆಟ್‌ವರ್ಕ್ ಮೇಲೆ ಬರುವವರಿಗೆ ಪಾಸ್‌ವರ್ಡೇ ಬೇಕು. 'ಒಳಗೆ', 'ಹೊರಗೆ' ಅಂತ ಎರಡು ಫೋಲ್ಡರ್ ಮಾಡಿ ಈ ಯೂಸರಿಗೆ ಮಾತ್ರ ಅನುಮತಿ ಕೊಡಿ: 'ಒಳಗೆ' ಓದುವುದಕ್ಕಷ್ಟೇ, 'ಹೊರಗೆ' ಬರೆಯುವುದಕ್ಕೂ. ಶೇರಿಂಗ್ ಟ್ಯಾಬಿನಲ್ಲೂ ಸೆಕ್ಯುರಿಟಿ ಟ್ಯಾಬಿನಲ್ಲೂ ಎರಡೂ ಕಡೆ ನೋಡಿ. 'ಎವ್ರಿಒನ್' ಅಂತ ಇದ್ದರೆ ತೆಗೆಯಿರಿ. ಪಾಸ್‌ವರ್ಡ್ ಪ್ರೊಟೆಕ್ಷನ್ ಆಫ್ ಮಾಡಿದರೆ ಸುಲಭ ಅಂತ ಹೇಳಿಕೊಡುವವರ ಮಾತು ಕೇಳಬೇಡಿ. ಎಸ್‌ಎಂಬಿ 1 ಆನ್ ಮಾಡಿ ಅನ್ನುವವರದ್ದೂ ಬೇಡ. ವಿಂಡೋಸ್ 7ಕ್ಕೂ ಎರಡನೇ ಆವೃತ್ತಿ ಬರುತ್ತದೆ. ಎಕ್ಸ್‌ಪಿ ಯಂತ್ರಕ್ಕೆ ಮಾತ್ರ ಮೊದಲನೆಯದ್ದಷ್ಟೇ ಗೊತ್ತು, ಅಂಥದ್ದನ್ನು ನೆಟ್‌ವರ್ಕಿಗೆ ಸೇರಿಸಲೇಬೇಡಿ.

ಒಂದು ಗಂಟು ಇಲ್ಲಿ ಬೀಳುತ್ತದೆ. ಗೇಟ್‌ವೇ ಇಲ್ಲದ ಕೇಬಲ್ಲನ್ನು ಲ್ಯಾಪ್‌ಟಾಪು 'ಅನ್‌ಐಡೆಂಟಿಫೈಡ್ ನೆಟ್‌ವರ್ಕ್' ಅಂದುಕೊಂಡು ಪಬ್ಲಿಕ್ ಪ್ರೊಫೈಲಿಗೆ ಹಾಕುತ್ತದೆ, ಶೇರ್ ಕಾಣುವುದಿಲ್ಲ. ಪ್ರೊ ಆವೃತ್ತಿಯಾದರೆ ಲೋಕಲ್ ಸೆಕ್ಯುರಿಟಿ ಪಾಲಿಸಿಯ ನೆಟ್‌ವರ್ಕ್ ಲಿಸ್ಟ್ ಮ್ಯಾನೇಜರಿನಲ್ಲಿ ಗುರುತಿಲ್ಲದ ನೆಟ್‌ವರ್ಕುಗಳನ್ನು ಪ್ರೈವೇಟ್ ಅಂತ ಮಾಡಬಹುದು. ಹೋಮ್ ಆವೃತ್ತಿಯಲ್ಲಿ ಸೆಟ್ಟಿಂಗ್ಸಿನ ಎತರ್‌ನೆಟ್ ಪುಟದಲ್ಲಿ ಪ್ರೈವೇಟ್ ಆರಿಸಿ ನೋಡಿ. ಕೇಬಲ್ ಪ್ರೈವೇಟ್, ವೈಫೈ ಪಬ್ಲಿಕ್ ಎಂದಿರಬೇಕು. ಆಗ ವೈಫೈ ಕಡೆಯಿಂದ ಯಾರಿಗೂ ಈ ಫೋಲ್ಡರ್ ಸಿಗುವುದಿಲ್ಲ.

ಇನ್ನು ರೆಕಾರ್ಡಿಂಗ್ ಕಂಪ್ಯೂಟರಿನ ಫೈಲ್ ಎಕ್ಸ್‌ಪ್ಲೋರರಿನಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ, ಲ್ಯಾಪ್‌ಟಾಪಿನ ವಿಳಾಸ ಬರೆದು ಎಂಟರ್ ಒತ್ತಿದರೆ ಪಾಸ್‌ವರ್ಡ್ ಕೇಳುತ್ತದೆ, ಫೋಲ್ಡರ್ ತೆರೆಯುತ್ತದೆ. ಮ್ಯಾಕ್ ಇದ್ದವರಿಗೂ ಇದೇ ಎಸ್‌ಎಂಬಿ, ಲ್ಯಾಪ್‌ಟಾಪಿನ ಶೇರಿಂಗ್ ಸೆಟ್ಟಿಂಗಿನಲ್ಲಿ ಫೈಲ್ ಶೇರಿಂಗ್ ಆನ್ ಮಾಡಬೇಕು.

ಬಳಸುವಾಗಿನ ಶಿಸ್ತು ಸೆಟ್ಟಿಂಗಿನಷ್ಟೇ ಮುಖ್ಯ. ನೆಟ್‌ವರ್ಕ್ ಫೋಲ್ಡರಿಗೆ ನೇರ ರೆಕಾರ್ಡ್ ಮಾಡಬೇಡಿ, ಅಲ್ಲಿಂದ ಪ್ರಾಜೆಕ್ಟ್ ತೆರೆಯಲೂಬೇಡಿ. ಒಳಗಿನ ಡಿಸ್ಕಿನಲ್ಲಿ ಕೆಲಸ, ಆಮೇಲೆ ಸಾಗಾಟ. ಕಟ್ ಮಾಡಬೇಡಿ, ಕಾಪಿ ಮಾಡಿ. ಟೆರಾಕಾಪಿಯಂಥ ಪ್ರೋಗ್ರಾಮಿನಲ್ಲಿ ಪರಿಶೀಲನೆ ಆನ್ ಮಾಡಿದರೆ ಎರಡೂ ಕಡೆಯ ಫೈಲು ಒಂದೇ ಹೌದೋ ಅಲ್ಲವೋ ತಾಳೆ ನೋಡುತ್ತದೆ. ಲ್ಯಾಪ್‌ಟಾಪಿಗೆ ನಾಳೆ ಏನೇ ಬಡಿದರೂ ಮೂಲ ಒಳಗೆ ಕ್ಷೇಮವಾಗಿರುತ್ತದೆ. ಹೊರಗಿನಿಂದ ಬರುವುದರಲ್ಲಿ ವೇವ್ ಮತ್ತು ಮಿಡಿ ಫೈಲು ಮಾತ್ರ 'ಒಳಗೆ' ಫೋಲ್ಡರಿಗೆ, ಅದೂ ಲ್ಯಾಪ್‌ಟಾಪಿನಲ್ಲಿ ಸ್ಕ್ಯಾನ್ ಆದ ಮೇಲೆ. ಫೈಲ್ ಎಕ್ಸ್‌ಟೆನ್ಷನ್ (ಹೆಸರಿನ ಕೊನೆಯ ಚುಕ್ಕಿಯ ನಂತರದ ಅಕ್ಷರಗಳು) ಕಾಣುವಂತೆ ಇಟ್ಟಿರಿ, ಹಾಡಿನ ಹೆಸರು ಹೊತ್ತ ಇಎಕ್ಸ್‌ಇ, ಅಂದರೆ ಪ್ರೋಗ್ರಾಂ ಫೈಲು, ಆಗ ತಾನೇ ಸಿಕ್ಕಿಬೀಳುತ್ತದೆ. ಲೈಸೆನ್ಸ್ ಮುರಿದು ಕ್ರ್ಯಾಕ್ ಮಾಡಿದ ಪ್ಲಗಿನ್ನುಗಳನ್ನು (ರೆಕಾರ್ಡಿಂಗ್ ಪ್ರೋಗ್ರಾಮಿಗೆ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂಗಳು) ಯಾರು ಎಷ್ಟೇ ಪ್ರೀತಿಯಿಂದ ಕೊಟ್ಟರೂ ಬೇಡ ಅನ್ನಿ. ಇಷ್ಟು ಬಾಗಿಲು ಮುಚ್ಚಿ ಅದನ್ನು ನಾವೇ ಕೈಹಿಡಿದು ಕರೆತಂದಂತಾಗುತ್ತದೆ. ಪಕ್ಕವಾದ್ಯದವರ ಮೊಬೈಲ್ ಚಾರ್ಜಿಗೆ ಗೋಡೆಯ ಪ್ಲಗ್ಗಿನಲ್ಲಿ ಒಂದು ಚಾರ್ಜರ್ ಇಟ್ಟಿರಿ. ಕಂಪ್ಯೂಟರಿನ ಯುಎಸ್‌ಬಿಗೆ ಫೋನ್ ಸಿಕ್ಕಿಸಿ ಟೆದರಿಂಗ್ ಆನ್ ಆದರೆ ಇಂಟರ್‌ನೆಟ್ ನೇರ ಒಳಗೇ ಬಂದಂತೆ.

ರೆಕಾರ್ಡಿಂಗ್ ನಡೆಯುವಾಗ ಕೇಬಲ್ ಕಿತ್ತಿಡಿ. ಏಪ್ರಿಲ್, ಮೇ ತಿಂಗಳ ಗುಡುಗು-ಸಿಡಿಲಿನ ಸಂಜೆಗಳಲ್ಲಂತೂ ಕೀಳಲೇಬೇಕು. ಸಿಡಿಲಿನ ಹೊಡೆತ ತಾಮ್ರದ ತಂತಿ ಹಿಡಿದು ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗಬಲ್ಲದು.

ಪ್ಲಗಿನ್ ಲೈಸೆನ್ಸಿಗೋ ಅಪ್‌ಡೇಟಿಗೋ ಯಾವಾಗಲಾದರೂ ಇಂಟರ್‌ನೆಟ್ ಬೇಕಾಗುತ್ತದೆ. ಲೈಸೆನ್ಸ್ ತುಂಬಿಟ್ಟುಕೊಳ್ಳುವ ಯುಎಸ್‌ಬಿ ಕೀಲಿಯಾದ ಐಲಾಕ್ ಇದ್ದರೆ ಲೈಸೆನ್ಸನ್ನು ಲ್ಯಾಪ್‌ಟಾಪಿನಲ್ಲೇ ತುಂಬಿಸಿಕೊಂಡು ಬರಬಹುದು. ಉಳಿದದ್ದಕ್ಕೆ ಬುಕಿಂಗ್ ಇಲ್ಲದ ದಿನ ನೋಡಿ. ಮೊದಲು ಸಿಸ್ಟಮ್ ಡಿಸ್ಕಿನ ಇಮೇಜ್, ಅಂದರೆ ಇಡೀ ಡಿಸ್ಕಿನ ನಕಲು ಒಂದನ್ನು ಬೇರೆ ಡ್ರೈವಿಗೆ ತೆಗೆದು, ಆ ಡ್ರೈವ್ ಬಿಚ್ಚಿಟ್ಟು, ಆಮೇಲೆ ವಿಳಾಸವನ್ನು ಆಟೋಮ್ಯಾಟಿಕ್ ಮಾಡಿ ರೌಟರಿಗೆ ಜೋಡಿಸಿ. ಕೆಲಸ ಮುಗಿದ ಮೇಲೆ ವಿಳಾಸವನ್ನು 192.168.50.2ಕ್ಕೆ ಮರಳಿಸಿ, ಶೇರಿಂಗ್ ಟಿಕ್ ಹಾಗೇ ತೆಗೆದಿದೆಯಾ ನೋಡಿ. ದೊಡ್ಡ ಅಪ್‌ಡೇಟುಗಳು ಸೆಟ್ಟಿಂಗ್ ಬದಲಾಯಿಸಿಬಿಡುವುದುಂಟು. ಕೊನೆಗೆ ಎಂಟು ಟ್ರ್ಯಾಕ್ ತೆರೆದು, ತಂಬೂರಿಯನ್ನೇ ಅರ್ಧ ಗಂಟೆ ರೆಕಾರ್ಡ್ ಮಾಡಿ ಹೆಡ್‌ಫೋನಿನಲ್ಲಿ ಪೂರ್ತಿ ಕೇಳಿ. ಎಲ್ಲಾದರೂ ಒಂದು ಕ್ಲಿಕ್ ಬಂದರೂ ಇಮೇಜ್ ಹಾಕಿ ಹಿಂದಿನ ಸ್ಥಿತಿಗೆ ತನ್ನಿ.